ಪೊಟ್ಟಣದ ಕಾಗದ

ಮೊನ್ನೆ ಮಗಳು ನನಗೆ ಬಿ.ಪಿ. ಮಾತ್ರೆ ತಂದುಕೊಟ್ಟಳು. ಡಬ್ಬಿ ತೆಗೆದರೆ ಮಾತ್ರೆಯ ಜೊತೆ ಮಡಚಿಟ್ಟ ತೆಳ್ಳನೆಯ ಒಂದು ಕಾಗದ. ಅದನ್ನು ಕೈಯಲ್ಲಿ ಹಿಡಿದುಕೊಂಡು ಟಿ.ವಿ. ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಮಗಳು, "ಅಪ್ಪಾ, ಅದೇನ್ ಮಾಡ್ತಾ ಇದೀಯ?" ಎಂದಳು. ನೋಡಿಕೊಂಡರೆ ನನ್ನ ಕೈ ಆ ಕಾಗದವನ್ನು ನಡುವಿಗೆ ಹರಿದು, ಮಡಚಿ, ಮೂಲೆ ಸಿಕ್ಕಿಸಿ, ಅಂಟು ಗಿಂಟು ಏನೂ ಇಲ್ಲದೆ ಎರಡು ಪೊಟ್ಟಣ ಕಟ್ಟಿಟ್ಟಿತ್ತು. ನಲವತ್ತು ವರ್ಷ ದಾಟಿದ ಮೇಲೂ ಬೆರಳುಗಳು ಮರೆತಿಲ್ಲ. ಮಗಳು, "ಎಷ್ಟ್ ಚಂದ ಕಟ್ಟಿದೀಯ!" ಎಂದು ನಕ್ಕಳು. ಆ ಕೆಲಸದಲ್ಲಿ ನಾನು ಎಷ್ಟು ಗಟ್ಟಿಗನಾಗಿದ್ದೆ, ಅದರಿಂದ ಏನಾಯಿತು ಅನ್ನುವುದನ್ನು ಅವಳಿಗೆ ನಾನು ಯಾವತ್ತೂ ಹೇಳಿಲ್ಲ.

ನಾನು ಜಗಳೂರು ಕಡೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದು, ಊರಲ್ಲಿ ಮುಖ ತೋರಿಸಲಾಗದೆ, ಸೋದರಮಾವನ ಪರಿಚಯದ ಮೇಲೆ ನ್ಯಾಮತಿಯ ಒಬ್ಬ ಡಾಕ್ಟರ ದವಾಖಾನೆಗೆ ಕಾಂಪೌಂಡರಾಗಿ ಸೇರಿದವನು. ಕೋರ್ಸು ಗೀರ್ಸು ಏನೂ ಮಾಡಿರಲಿಲ್ಲ. ಆಗೆಲ್ಲ ಯಾರು ಕೇಳುತ್ತಿದ್ದರು? ಡಾಕ್ಟರ ಪಕ್ಕ ಆರು ತಿಂಗಳು ನಿಂತರೆ ಸೂಜಿ ಹಾಕುವುದು, ಮಿಕ್ಸ್‌ಚರ್ ಕಲಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ತಾನಾಗಿ ಬರುತ್ತಿತ್ತು. ಬಸ್ ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಹಾಕಿದರೆ ನಮ್ಮ ದವಾಖಾನೆ. ಮುಂದೆ ಬೆಂಚು, ಒಳಗೆ ಡಾಕ್ಟರ ಮೇಜು, ಹಸಿರು ಪರದೆಯ ಹಿಂದೆ ನನ್ನ ರಾಜ್ಯ. ಸ್ಪಿರಿಟ್ಟಿನ ವಾಸನೆ, ಸ್ಟೌ ಮೇಲೆ ಕುದಿಯುವ ಸಿರಿಂಜು, ದೊಡ್ಡ ಬಾಟಲಿಗಳಲ್ಲಿ ಕೆಂಪು ನೀರು, ಗುಲಾಬಿ ನೀರು. ಅವು ಬೇರೆ ಬೇರೆ ಔಷಧ ಅಂತ ಜನ ನಂಬಿದ್ದರು. ಬಹುಮಟ್ಟಿಗೆ ನಾನೂ ನಂಬಿದ್ದೆ.

ಡಾಕ್ಟರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿದವರು ಅವರನ್ನು ಬೈಯಬಹುದು. ಗೋವಿನಕೋವಿ, ಸಾಸ್ವೆಹಳ್ಳಿ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಇಲ್ಲದವರ ಹತ್ತಿರ ಅವರು ಕೈಚಾಚಿದ್ದನ್ನು ನಾನು ನೋಡಿಲ್ಲ. ಅವರಿಗೆ ಇದ್ದ ಒಂದೇ ಹುಚ್ಚೆಂದರೆ ಯಾವುದನ್ನೂ ದಂಡ ಮಾಡಬಾರದು ಎಂಬುದು. ಸುತ್ತಿ ಬಂದ ದಾರ ಬಿಸಾಕುವಂತಿಲ್ಲ, ರಟ್ಟಿನ ಡಬ್ಬಿ ಬಿಸಾಕುವಂತಿಲ್ಲ. ನಾನು ಸೇರಿದ ವಾರದಲ್ಲೇ ಔಷಧದ ಡಬ್ಬಿಗಳಿಂದ ಬರುವ ಕಾಗದಗಳ ಕಟ್ಟು ನನ್ನ ಕೈಗಿಟ್ಟು, "ರುದ್ರಣ್ಣ, ಮಾತ್ರೆ ಕಟ್ಟಾಕೆ ಇದು ಪಸಂದಾಗಿರ್ತದೆ ನೋಡು" ಎಂದರು.

ನಿಜವಾಗಿ ಪಸಂದಾಗಿತ್ತು. ಸುದ್ದಿ ಪತ್ರಿಕೆಯಲ್ಲಿ ಕಟ್ಟಿದರೆ ಮಸಿ ಮಾತ್ರೆಗೆ ಮೆತ್ತುತ್ತದೆ, ನೋಟ್‌ಬುಕ್ಕಿನ ಹಾಳೆ ದಪ್ಪ, ಮಡಿಕೆ ನಿಲ್ಲುವುದಿಲ್ಲ. ಕಂಪನಿ ಕಾಗದ ಬೆಳ್ಳಗೆ, ತೆಳ್ಳಗೆ, ಗಟ್ಟಿ. ಒಂದು ಬದಿ ಪುಟ್ಟ ಇಂಗ್ಲಿಷ್ ಅಕ್ಷರ, ಇನ್ನೊಂದು ಬದಿ ಖಾಲಿ. ಖಾಲಿ ಬದಿ ಒಳಗೆ ಬರುವಂತೆ ಮಡಚಬೇಕು. ಹೊರಗೆ ಅಚ್ಚಿನ ಮೇಲೆ ನೀಲಿ ಪೆನ್ಸಿಲಿನಿಂದ ದಿನಕ್ಕೆ ಎಷ್ಟು ಸಲ ನುಂಗಬೇಕೋ ಅಷ್ಟು ಗೀಟು ಎಳೆಯಬೇಕು. ಎರಡು ಸಲವಾದರೆ ಎರಡು, ಮೂರು ಸಲವಾದರೆ ಮೂರು. ಓದು ಬರದವರಿಗೂ ಗೀಟು ತಿಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಾಗದ ಬರುತ್ತಿದ್ದುದು ಸ್ಟ್ರೆಪ್ಟೋಮೈಸಿನ್ ಸೂಜಿಯ ಡಬ್ಬಿಯಲ್ಲಿ. ಎರಡು ಹೋಳು ಮಾಡಿದರೆ ಎರಡು ಒಳ್ಳೆ ಪೊಟ್ಟಣ. ಆ ಡಬ್ಬಿ ಒಡೆದ ದಿನ ನನಗೆ ಖುಷಿಯೋ ಖುಷಿ. ಅದರಲ್ಲಿ ಏನು ಬರೆದಿದೆ ಅಂತ ಒಂದು ಸಲ ಡಾಕ್ಟರನ್ನು ಕೇಳಿದ್ದೆ. "ಅದ್ರಾಗೆ ಓದಾದೇನೈತೆ? ವರ್ಷಗಟ್ಲೆ ಇದ್ನೇ ಚುಚ್ತಾ ಇದೀವಿ" ಎಂದಿದ್ದರು. ನಾನು ಮತ್ತೆ ಕೇಳಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿ ಆರಿದ್ರಾ ಮಳೆ ಶುರುವಾದ ದಿನಗಳಲ್ಲಿ ಸರೋಜ ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ತಂದೆ ಇಲ್ಲ, ತಾಯಿ ಗೌರಮ್ಮ ಒಬ್ಬರೇ. ಇಂಗ್ಲಿಷೂ ಸೇರಿ ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸಾದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ಆಗಿನ ಫೋನೆಂದರೆ ಈಗಿನಂತೆ ಅಂಗೈಯಲ್ಲಿ ಇರುತ್ತಿರಲಿಲ್ಲ. ಅಡಿಕೆ ವ್ಯಾಪಾರಿಗಳು ಚನ್ನಗಿರಿಯ ರೇಟು ಕೇಳಬೇಕೆಂದರೆ ಸರೋಜಳನ್ನೇ ಕೇಳಬೇಕು. ಅವಳು ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೋರ್ಡಿನ ತೂತಿಗೆ ಪ್ಲಗ್ಗು ಚುಚ್ಚಿ, "ಹಲೋ ಚನ್ನಗಿರಿ, ಹಲೋ ಚನ್ನಗಿರಿ" ಎಂದು ಕೂಗಿ, ಗೊರಗೊರ ಸದ್ದಿನ ನಡುವಿನಿಂದ ಆ ಕಡೆಯ ಧ್ವನಿಯನ್ನು ಹೆಕ್ಕಿಕೊಡಬೇಕು. ಅವಳ ಕಿವಿಯ ಬಗ್ಗೆ ಪೇಟೆಯಲ್ಲಿ ಮಾತಿತ್ತು. ಒಮ್ಮೆ ಕೇಳಿದ ಧ್ವನಿಯನ್ನು ಆಕೆ ಮರೆಯುವುದಿಲ್ಲ, "ಹಲೋ" ಅಂದರೆ ಸಾಕು, ಯಾರ ಮಂಡಿಯವರು, ನೆಗಡಿಯಾಗಿದೆಯೋ, ಹೆಂಡತಿ ಜೊತೆ ಜಗಳವಾಡಿ ಬಂದಿದ್ದಾರೋ ಎಲ್ಲ ಹೇಳುತ್ತಾಳೆ ಅಂತ.

ಅವಳಿಗೆ ಎರಡು ತಿಂಗಳಿಂದ ಕೆಮ್ಮು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದರೆ ಎದೆಯಲ್ಲಿ ಕಲೆ. ಕ್ಷಯ. ಡಾಕ್ಟರು, "ಹೆದರ್ಕಬ್ಯಾಡಮ್ಮ. ತೊಂಬತ್ತು ಸೂಜಿ, ಜೊತೆಗೆ ಮಾತ್ರೆ. ಒಂದಿನಾನೂ ತಪ್ಪಿಸ್ಬಾರ್ದು. ಪೂರ್ತಿ ವಾಸಿ ಆಗ್ತದೆ" ಎಂದರು. ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು, "ಯಾರಿಗೂ ಗೊತ್ತಾಗಂಗಿಲ್ಲ ಡಾಕ್ಟ್ರೇ. ಗೊತ್ತಾದ್ರೆ ಈಕೀನ ಯಾರ್ ಮಾಡ್ಕಂತಾರೆ?" ಎಂದು ಅತ್ತರು. ಸರೋಜಳಿಗೆ ಮದುವೆಯ ಚಿಂತೆಗಿಂತ ಕೆಲಸದ ಚಿಂತೆ. ದೀಪಾವಳಿ ಕಳೆದ ಮೇಲೆ ಖಾಯಂ ಮಾಡುತ್ತಾರೆ, ಅದಕ್ಕೂ ಮುಂಚೆ ಮೆಡಿಕಲ್ ಇರುತ್ತದೆ, ಕಣ್ಣು, ಕಿವಿ, ಎದೆ ಎಲ್ಲ ನೋಡುತ್ತಾರೆ. "ಅಷ್ಟೊತ್ತಿಗೆ ಎದೆ ಕ್ಲೀನಾಗ್ತದಲ್ಲ ಡಾಕ್ಟ್ರೇ?" ಎಂದು ಮೂರು ಸಲ ಕೇಳಿದಳು. ಆಗ ನಮ್ಮೆಲ್ಲರ ಚಿಂತೆ ಎದೆಯದು. ಕಿವಿಯ ಬಗ್ಗೆ ಯಾರಿಗೂ ಯೋಚನೆ ಬರಲಿಲ್ಲ.

ಹೀಗೆ ದಿನಾ ಬೆಳಿಗ್ಗೆ ಆರೂವರೆಗೆ ಹಿತ್ತಲ ಬಾಗಿಲಿನಿಂದ ಅವಳು ಬರುವಳು. ಕೊಡೆ ಮಡಚಿ ಗೋಡೆಗಿಟ್ಟು, ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂರುವಳು. ನಾನು ಬಾಟಲಿಯ ಬಿಳಿ ಪುಡಿಗೆ ನೀರು ಸೇರಿಸಿ ಅಲ್ಲಾಡಿಸಿ ಸೂಜಿಗೆ ಎಳೆದುಕೊಳ್ಳುವೆ. ತುಂಬ ನೋಯುವ ಸೂಜಿ ಅದು. ಅವಳು ಒಂದು ದಿನವೂ ಹಾ ಅನ್ನಲಿಲ್ಲ. ವಾರಕ್ಕೊಮ್ಮೆ ಮಾತ್ರೆಯ ಪೊಟ್ಟಣ ಕೊಡುತ್ತಿದ್ದೆ. ಅವಳಿಗೆಂದು ಸ್ವಲ್ಪ ಹೆಚ್ಚು ಅಚ್ಚುಕಟ್ಟಾಗಿ ಕಟ್ಟುತ್ತಿದ್ದೆ ಅನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ. "ಕಾಂಪೌಂಡ್ರೇ, ನಿಮ್ ಪೊಟ್ಣ ಬಿಚ್ಚಾಕೆ ಮನಸ್ಸೇ ಬರಲ್ಲ ನೋಡ್ರಿ" ಎಂದಿದ್ದಳು ಒಂದು ದಿನ. ಆ ಮಾತು ನನಗೆ ಒಂದು ವಾರ ಸಾಕಾಯಿತು.

ಆ ವರ್ಷದ ಮಳೆ ಬಿಡದೆ ಹಿಡಿಯಿತು. ರಸ್ತೆಯೆಲ್ಲ ಕೆಸರು, ಎತ್ತಿನ ಗಾಡಿಯ ಗಾಲಿಗಳು ಅರ್ಧ ಹೂತು ಹೋಗುತ್ತಿದ್ದವು. ದವಾಖಾನೆಗೆ ಬರುವವರ ಕಾಲಿನಿಂದ ಬಂದ ಮಣ್ಣನ್ನು ನಾನು ದಿನಕ್ಕೆ ನಾಲ್ಕು ಸಲ ಬಳಿಯುತ್ತಿದ್ದೆ. ಸರೋಜಳ ಕೆಮ್ಮು ಕಡಿಮೆಯಾಗುತ್ತ ಬಂತು. ಕೆನ್ನೆ ತುಂಬಿತು. ಗೌರಮ್ಮ ಸಂತೋಷಕ್ಕೆ ಒಂದು ದಿನ ನಮಗೆ ಶೇಂಗಾ ಹೋಳಿಗೆ ಮಾಡಿ ಕಳಿಸಿದರು.

ಸೂಜಿ ಶುರುವಾಗಿ ತಿಂಗಳಾಗಿತ್ತು, ಪುಷ್ಯ ಮಳೆಯ ದಿನಗಳು. ಒಂದು ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಏಳದೆ ಅವಳು ಅಲ್ಲೇ ಕೂತಳು. "ಕಾಂಪೌಂಡ್ರೇ, ಕಿವಿ ಗುಂಯ್ ಅಂತೈತೆ. ಮಲಗಿದ್ರೂ ಹೋಗಲ್ಲ."

ನನಗೆ ಚೇಷ್ಟೆ ಮಾಡುವ ಮನಸ್ಸಾಯಿತು. "ಚನ್ನಗಿರಿಯೋರು ಇನ್ನೂ ಲೈನ್ ಕಟ್ ಮಾಡಿಲ್ಲ ಅಂತ ಕಾಣ್ತದೆ ಬಿಡ್ರಿ" ಎಂದೆ. ಅವಳು ನಕ್ಕಳು. ನಕ್ಕು ಮತ್ತೆ, "ಅಲ್ಲಾ, ಸೂಜಿ ಒಂದೆರಡು ದಿನ ಬಿಟ್ರೆ ನಡೀತೈತೇನ್ರಿ?" ಎಂದಳು.

"ಅಬಬಾ! ಒಂದಿನಾನೂ ಬಿಡಂಗಿಲ್ಲ. ಇಷ್ಟು ದಿನ ಹಾಕಿದ್ದೆಲ್ಲ ನೀರಾಗಿ ಹೋಗ್ತದೆ. ಡಾಕ್ಟ್ರು ಹೇಳಿದ್ದು ಮರೆತ್ರಾ?" ಎಂದು ಗದರಿದೆ. ದಿನಕ್ಕೆ ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಕಿವಿ ಗುಂಯ್ ಅನ್ನದೆ ಇನ್ನೇನು ಮಾಡುತ್ತದೆ ಅಂತಲೂ ಹೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಬಿಡ್ರಿ, ನಿಮ್ಗೆ ಗೊತ್ತಿರ್ತದಲ್ಲ" ಎಂದು ಕೊಡೆ ತೆಗೆದುಕೊಂಡು ಹೋದಳು. ನಾನು ಮಧ್ಯಾಹ್ನ ಡಾಕ್ಟರಿಗೆ ಹೇಳಿದೆ. ಬೆಂಚಿನ ತುಂಬ ಜ್ವರದವರು ಕೂತಿದ್ದರು. ಡಾಕ್ಟರು ಚೀಟಿ ಬರೆಯುತ್ತಲೇ, "ನಿಶ್ಶಕ್ತಿ. ಬಿ ಕಾಂಪ್ಲೆಕ್ಸ್ ಕೊಡು" ಎಂದರು. ಕೊಟ್ಟೆ. ಅದನ್ನೂ ಪೊಟ್ಟಣ ಕಟ್ಟಿಯೇ ಕೊಟ್ಟೆ.

ಮಘೆ ಮಳೆಗೆ ಅವಳು ಗೋಡೆ ಹಿಡಿದುಕೊಂಡು ನಡೆಯುವುದಕ್ಕೆ ಶುರುಮಾಡಿದಳು. ತಲೆ ತಿರುಗುತ್ತದೆ ಎಂದಳು. ತುಪ್ಪ ತಿನ್ನಿ ಎಂದೆ. ಎಕ್ಸ್‌ಚೇಂಜಿನಿಂದ ದೂರು ಬರುವುದಕ್ಕೆ ಶುರುವಾಯಿತು. ನಮ್ಮ ದವಾಖಾನೆಯ ಬೆಂಚಿನ ಮೇಲೆ ಕೂತೇ ಒಬ್ಬ ಅಡಿಕೆ ವ್ಯಾಪಾರಿ, "ಆ ಹುಡುಗಿಗೆ ಏನಾಗೈತೋ ಮಾರಾಯ, ಒಂದು ನಂಬರ್ ನಾಕು ಸಲ ಹೇಳ್ಬೇಕು" ಎಂದು ಬೇಸರ ಮಾಡಿಕೊಂಡ. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಲೈನು ಮಳೆಗೆ ಕೆಟ್ಟಿರಬೇಕು ಅಂದುಕೊಂಡೆ.

ಎಪ್ಪತ್ತೊಂದನೆಯ ಸೂಜಿಯ ದಿನ. ನಾನು ಅವಳ ಬೆನ್ನ ಹಿಂದೆ ಸಿರಿಂಜು ತೊಳೆಯುತ್ತಿದ್ದೆ. "ಸರೋಜಮ್ಮ, ನಾಳೆ ಹಬ್ಬ, ಡಾಕ್ಟ್ರು ಇರಲ್ಲ, ಸ್ವಲ್ಪ ಬೇಗ ಬರ್ರಿ" ಎಂದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ಕೂತೇ ಇದ್ದಳು. ಸಿರಿಂಜಿನ ಸ್ಟೀಲ್ ಟ್ರೇ ನನ್ನ ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಹೊರಗೆ ಬೆಂಚಿನಲ್ಲಿ ಮಲಗಿದ್ದ ಮುದುಕ ಎದ್ದು ಕೂತ. ಅವಳು ತಿರುಗಲಿಲ್ಲ. ಆಮೇಲೆ ಸುಮ್ಮನೆ ತಿರುಗಿ ನೋಡಿ, ನೆಲದ ಮೇಲಿನ ಟ್ರೇ ಕಂಡು, "ಅಯ್ಯೋ, ಯಾವಾಗ ಬಿತ್ರಿ?" ಎಂದಳು. ಕೇಳುವಾಗ ಅವಳ ಕಣ್ಣು ನನ್ನ ತುಟಿಯ ಮೇಲಿತ್ತು.

ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ನಮ್ಮ ಡಾಕ್ಟರೇ ಕರೆದುಕೊಂಡು ಹೋದರು, ನಾನೂ ಗೌರಮ್ಮನೂ ಜೊತೆಗೆ. ಆ ಕಿವಿ ಡಾಕ್ಟರು ಕಿವಿಯೊಳಗೆ ನೋಡುವ ಮೊದಲೇ, "ಯಾವ ಇಂಜೆಕ್ಷನ್?" ಎಂದು ಕೇಳಿದರು. ಹೇಳಿದ್ದಕ್ಕೆ, "ಇವತ್ತೇ ನಿಲ್ಲಿಸಿ" ಎಂದರು. ಕಿವಿಯ ನರ ಸತ್ತಿದೆ, ಇನ್ನು ಬರುವುದಿಲ್ಲ, ಗುಂಯ್ ಅಂದಾಗಲೇ ನಿಲ್ಲಿಸಿದ್ದರೆ ಬಹಳ ಮಟ್ಟಿಗೆ ಉಳಿಯುತ್ತಿತ್ತು. ಗೌರಮ್ಮ ನಮ್ಮ ಮೂವರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಸರೋಜಳಿಗೆ ಏನೂ ಕೇಳಿರಲಿಲ್ಲ. "ಏನಂದ್ರವ್ವಾ? ಏನಂದ್ರು?" ಎಂದು ಜೋರಾಗಿ ಕೇಳುತ್ತಲೇ ಇದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಡಾಕ್ಟರು ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು. ಸವಳಂಗ ದಾಟಿದ ಮೇಲೆ, "ಕಾಲೇಜಿನಾಗೆ ಓದಿದ್ದೆ ಕಣೋ. ಕಾಯಿಲೆ ವಾಸಿಯಾಗದನ್ನೇ ನೋಡ್ತಾ ನೋಡ್ತಾ ಮರ್ತೇಬಿಟ್ಟೆ" ಎಂದರು, ನನಗೆ ಮಾತ್ರ ಕೇಳಿಸುವಂತೆ.

ದೀಪಾವಳಿ ಬಂತು, ಹೋಯಿತು. ಮೆಡಿಕಲ್‌ಗೆ ಕರೆದ ಕಾಗದ ಬಂತು. ಅವಳು ಹೋಗಲಿಲ್ಲ. ಹೋಗಿ ಏನು ಮಾಡುವುದು?

ಕೇಸಿನ ಮಾತು ತೆಗೆದದ್ದು ಗೌರಮ್ಮನ ತಮ್ಮ, ಗೋವಿನಕೋವಿಯ ರೈತ. "ಔಷಧಿ ಮಾಡಿದೋರು ಯಾರೋ ಇರ್ತಾರಲ್ಲಕ್ಕ, ಅವ್ರನ್ನ ಕೇಳಾಕೆ ಏನು?" ಎಂದನಂತೆ. ಹೊನ್ನಾಳಿಯಲ್ಲಿ ಅವರ ಪರಿಚಯದ ಒಬ್ಬ ವಕೀಲರಿದ್ದರು. ಔಷಧದ ಹೆಸರು ಹೇಳಲಿಕ್ಕೆ ನಾನು ಬೇಕೆಂದು ಗೌರಮ್ಮ ನನ್ನನ್ನೂ ಕರೆದುಕೊಂಡು ಹೋದರು. ಮಳೆಗೆ ಕಿತ್ತುಹೋದ ರಸ್ತೆಯ ಮೇಲೆ ಬಸ್ಸು ನಿಧಾನ ಹೋಯಿತು. ವಕೀಲರು ವಯಸ್ಸಾದವರು, ತಾಳ್ಮೆಯವರು. ಎಲ್ಲ ಕೇಳಿಸಿಕೊಂಡು, "ನೋಡ್ರಮ್ಮ, ಔಷಧಿ ಕೆಟ್ಟಿತ್ತು ಅನ್ನಂಗಿಲ್ಲ. ಅದು ನಿಮ್ಮ ಮಗಳ ಎದೆ ವಾಸಿ ಮಾಡೈತೆ. ಆದ್ರೆ ಇದ್ರಿಂದ ಕಿವಿಗೆ ಅಪಾಯ ಐತೆ ಅಂತ ಮಾಡಿದೋರಿಗೆ ಗೊತ್ತಿದ್ದು, ಅವ್ರು ಹೇಳ್ದೆ ಮಾರಿದ್ರೆ, ಅದು ತಪ್ಪು. ಆ ತಪ್ಪಿಗೆ ಅವ್ರನ್ನ ಹೊಣೆ ಮಾಡ್ಬಹುದು. ಸುಲಭ ಅಲ್ಲ. ಈ ಕಡೆ ಇಂಥ ಕೇಸು ನಾನು ನೋಡಿಲ್ಲ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಡಾಕ್ಟ್ರನ್ನೂ ಸೇರಿಸೋಣೇನು?" ಎಂದು ಕೇಳಿದರು.

ಗೌರಮ್ಮ ಬೆಚ್ಚಿಬಿದ್ದರು. "ಬ್ಯಾಡ್ರೀ ಯಪ್ಪಾ. ಕೆಮ್ಮಿ ಕೆಮ್ಮಿ ಸಾಯಾಕೆ ಬಿದ್ದಿದ್ಲು, ಅವ್ರು ಉಳಿಸ್ಯಾರೆ. ಅವ್ರ ಮ್ಯಾಲೆ ಕೇಸ್ ಹಾಕಿ ನಾನು ಊರಾಗೆ ಹೆಂಗ್ ತಿರುಗ್ಲಿ?"

"ಕಂಪನಿಯೋರು ಅಪಾಯ ಐತೆ ಅಂತ ನಿಮಗೇನಾದ್ರೂ ತಿಳಿಸಿದ್ರೇನಪ್ಪ?" ಎಂದು ವಕೀಲರು ನನ್ನ ಕಡೆ ತಿರುಗಿದರು.

"ಯಾರೂ ಏನೂ ಹೇಳಿಲ್ಲ ಸಾರ್" ಎಂದೆ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿಗೆ ಅದು ಸತ್ಯವೇ ಆಗಿತ್ತು. ಆ ಮಾತಿನ ಮೇಲೆ ಅವರು ಔಷಧ ಮಾಡಿದ ಬೊಂಬಾಯಿಯ ಕಂಪನಿಗೆ ನೋಟೀಸು ಬರೆದರು.

ಉತ್ತರ ಬರುವ ಹೊತ್ತಿಗೆ ಚಳಿ ಬಿದ್ದಿತ್ತು. ಮತ್ತೆ ಹೊನ್ನಾಳಿಗೆ ಹೋದೆವು. ವಕೀಲರು ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಕಾಗದ ಓದಿ, ಕನ್ನಡದಲ್ಲಿ ಹೇಳಿದರು. ಯುವತಿಗೆ ಆದದ್ದಕ್ಕೆ ಕಂಪನಿಯವರಿಗೆ ವಿಷಾದವಿದೆಯಂತೆ. ಆದರೆ ಆಕೆ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕುವ ಕೆಲಸದವಳು, ಕಿವಿ ಹೋದದ್ದು ಅದರಿಂದಲೂ ಇರಬಹುದಂತೆ. ಕೇಳುತ್ತಿದ್ದಂತೆ ನನಗೆ ಮೈ ಉರಿಯಿತು. ಆಮೇಲೆ, ಅದೇ ಮಾತನ್ನು ಎಲ್ಲರಿಗಿಂತ ಮೊದಲು ಆಡಿದವನು ನಾನೇ ಅನ್ನುವುದು ನೆನಪಾಗಿ ತಲೆ ತಗ್ಗಿಸಿದೆ. ಕೊನೆಯ ಮಾತು ಇನ್ನೊಂದಿತ್ತು. ಈ ಔಷಧದಿಂದ ಕಿವಿಗೆ ಆಗಬಹುದಾದ ಅಪಾಯವನ್ನು ಪ್ರತಿ ಡಬ್ಬಿಯಲ್ಲೂ ಅಚ್ಚು ಹಾಕಿಸಿ ಇಟ್ಟಿದ್ದೇವೆ, ಅದನ್ನು ಓದಿ ರೋಗಿಯನ್ನು ಗಮನಿಸುವುದು ಔಷಧ ಕೊಟ್ಟವರ ಹೊಣೆ, ನಮ್ಮದಲ್ಲ. ಅದರ ಒಂದು ಪ್ರತಿ ಇದರೊಂದಿಗೆ ಲಗತ್ತಿಸಿದೆ.

ವಕೀಲರು ಲಕೋಟೆಯಿಂದ ಆ ಪ್ರತಿಯನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಬೆಳ್ಳಗೆ, ತೆಳ್ಳಗೆ, ಗಟ್ಟಿ.

ಅದನ್ನು ಪೂರ್ತಿ ಬಿಚ್ಚಿ, ಅಂಗಾತ ಮಲಗಿಸಿ ನಾನು ನೋಡಿದ್ದು ಅದೇ ಮೊದಲು. ವಕೀಲರು ಬೆರಳಿಟ್ಟು ಒಂದು ಕಡೆ ಓದಿದರು: ಕಿವಿಯಲ್ಲಿ ಸದ್ದು, ತಲೆ ತಿರುಗುವುದು ಕಂಡರೆ ಕೂಡಲೇ ನಿಲ್ಲಿಸತಕ್ಕದ್ದು.

"ಈಗ ನೀನು ಯೋಚ್ನೆ ಮಾಡಿ ಹೇಳ್ಬೇಕಪ್ಪ" ಎಂದರು ವಕೀಲರು. "ನೀವು ತರಿಸಿದ ಡಬ್ಬಿಯಾಗೆ ಈ ಕಾಗದ ಇತ್ತೋ, ಇಲ್ವೋ? ಇರ್ಲಿಲ್ಲ ಅಂತ ನೀನು ಕೋರ್ಟಿನಾಗೆ ಹೇಳಿದ್ರೆ ಕೇಸು ಐತೆ. ಇತ್ತು ಅಂದ್ರೆ ಕಂಪನಿಯೋರು ಆಚೆಗ್ ಹೋದ್ರು. ಎಂಟು ದಿನದಾಗೆ ಬಂದು ಹೇಳು."

"ಇರ್ಲಿಲ್ಲ ತಾನೆ ತಮ್ಮಾ?" ಎಂದರು ಗೌರಮ್ಮ, ನನ್ನ ತೋಳು ಹಿಡಿದುಕೊಂಡು. "ಇದ್ದಿದ್ರೆ ನೀನು ನೋಡ್ತಿರ್ಲಿಲ್ವಾ?"

ನಾನು ಮೆಲ್ಲಗೆ ತೋಳು ಬಿಡಿಸಿಕೊಂಡೆ. ದವಾಖಾನೆಗೆ ಬಂದು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಪೊಟ್ಟಣ ಕಟ್ಟಲೆಂದು ನಾನು ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಕಾಗದಗಳ ಕಡೆ ನೋಡಿದರು. ಇನ್ನೂ ಒಂದಷ್ಟು ಉಳಿದಿದ್ದವು. "ಕಟ್ಟು ಅಂತ ಹೇಳಿದ್ದು ನಾನೇ" ಎಂದರು. "ಕೋರ್ಟಿನಾಗೆ ನೀನು ಏನು ಹೇಳ್ಬೇಕು ಅಂತ ಮಾತ್ರ ನಾನು ಹೇಳಲ್ಲ ರುದ್ರಣ್ಣ. ನಂಗೆ ಆ ಬಾಯಿಲ್ಲ." ಅವತ್ತಿನಿಂದ ಅವರು ಆ ಸೂಜಿ ಬರೆಯುವುದನ್ನು ಬಿಟ್ಟರು, ಕ್ಷಯದವರನ್ನು ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಅದರಿಂದ ಸರೋಜಳಿಗೆ ಏನಾಗಬೇಕಿತ್ತು?

ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಸತ್ಯ ಹೇಳಿದರೆ ತಪ್ಪಿಸಿಕೊಳ್ಳುವವರು ಬೊಂಬಾಯಿಯಲ್ಲಿ ಕೂತವರು, ಸಿಕ್ಕಿಬೀಳುವುದು ನಾವು. ಅವಳಿಗಂತೂ ಒಂದು ಬಿಡಿಗಾಸೂ ಸಿಗುವುದಿಲ್ಲ. ಅಷ್ಟು ಗೊತ್ತಿದ್ದವರು, ಅಷ್ಟು ಓದಿದವರು, ಅಪಾಯದ ಮಾತನ್ನು ಇರುವೆಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ನನ್ನಂಥವನಿಗೆ ಬಾರದ ಭಾಷೆಯಲ್ಲಿ, ಮಡಚಿ ಡಬ್ಬಿಯ ತಳಕ್ಕೆ ಇಟ್ಟರೆ ಹೇಳಿದ ಹಾಗಾಯಿತೇ? ಬಾಟಲಿಯ ಮೇಲೆ ಒಂದು ಕಿವಿಯ ಚಿತ್ರ ಹಾಕಿ ಅಡ್ಡಗೀಟು ಎಳೆದಿದ್ದರೆ ಜಗಳೂರಿನ ಕುರಿ ಕಾಯುವವನಿಗೂ ತಿಳಿಯುತ್ತಿತ್ತು. ಹೀಗೆಲ್ಲ ಕುದಿದು ಕುದಿದು, ಐದನೆಯ ದಿನ ತೀರ್ಮಾನ ಮಾಡಿದೆ. ಇರಲಿಲ್ಲ ಅಂತ ಹೇಳುತ್ತೇನೆ. ಕಾಗದ ಇರಲೇ ಇಲ್ಲ. ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಅಷ್ಟಾದರೂ ಅವಳಿಗೆ ನನ್ನಿಂದ ಆಗಲಿ.

ಮುಂದೇನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ದಾವೆ ಹಾಕಲಿಲ್ಲ. ತಾಯಿ ಮಗಳು ಸಂಕ್ರಾಂತಿಯ ಹೊತ್ತಿಗೆ ಗೋವಿನಕೋವಿಗೆ, ಗೌರಮ್ಮನ ತಮ್ಮನ ಮನೆಗೆ ಹೊರಟುಹೋದರು. ಯುಗಾದಿಗೆ ನಾನೂ ದವಾಖಾನೆ ಬಿಟ್ಟು ಜಗಳೂರಿಗೆ ಬಂದು ಕಿರಾಣಿ ಅಂಗಡಿಯಲ್ಲಿ ನಿಂತೆ. ಅಲ್ಲಿ ಸಕ್ಕರೆ ಬೇಳೆ ಕಟ್ಟುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ನಾನು ತಕ್ಕಡಿ ಹಿಡಿದೆ. ಕೆಲವು ವರ್ಷಗಳ ಮೇಲೆ ಗಿರಾಕಿಗಳಿಗೆಂದೇ ಕೋರ್ಟು ಬಂದಿದೆ, ಮೋಸ ಹೋದವರು ಅಲ್ಲಿ ದೂರು ಕೊಡಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ಓದಿ, ಪತ್ರಿಕೆ ಮಡಚಿ ಇಟ್ಟೆ.

ಆ ಐದನೆಯ ದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಗೌರಮ್ಮ ಹೊಲದ ಕಡೆ ಹೋಗಿದ್ದರು. ಸರೋಜ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಬಂದದ್ದು ನೆರಳು ಬಿದ್ದ ಮೇಲೆ ಗೊತ್ತಾಯಿತು. ನನ್ನನ್ನು ಕಂಡು ಮುಖ ಅರಳಿತು, ಅದನ್ನೇ ನನಗೆ ತಡೆಯಲಾಗಲಿಲ್ಲ. "ಬರ್ರಿ ಕಾಂಪೌಂಡ್ರೇ" ಎಂದಳು, ಬೀದಿಯ ಆ ತುದಿಗೂ ಕೇಳುವಷ್ಟು ಜೋರಾಗಿ. ತನ್ನ ಧ್ವನಿಯ ಅಳತೆಯೂ ಆಕೆಗೆ ತಪ್ಪಿಹೋಗಿತ್ತು. ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು, ಅದರಿಂದ ಒಂದು ಕಾಗದದ ಚೂರು, ಒಂದು ಮೋಟು ಪೆನ್ಸಿಲು ತೆಗೆದು ನನ್ನ ಮುಂದಿಟ್ಟಳು. "ವಕೀಲ್ರು ಏನಂದ್ರು? ಅವ್ವ ಸರಿಯಾಗಿ ಹೇಳಲ್ಲ. ಇದ್ರಾಗೆ ಬರೀರಿ, ಎಲ್ರೂ ಹಂಗೇ ಮಾಡಾದು ಈಗ."

ಬಿಳಿ ಕಾಗದದ ಮೇಲೆ ಬರೆದೆ. ಕಾಗದ ಇತ್ತಾ ಅಂತ ಕೇಳುತ್ತಾರೆ, ಇರಲಿಲ್ಲ ಅಂತ ನಾನು ಹೇಳುತ್ತೇನೆ, ಕೇಸು ನಿಲ್ಲುತ್ತದೆ, ಹೆದರಬೇಡಿ.

ಅವಳು ಓದಿದಳು. ನಿಧಾನಕ್ಕೆ ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಮಗುಚಿ ನನ್ನ ಮುಂದೆ ಇಟ್ಟಳು. ಆ ಬದಿಯಲ್ಲಿ ಪುಟ್ಟ ಇಂಗ್ಲಿಷ್ ಅಕ್ಷರಗಳು. ಮಡಿಕೆಯ ಗುರುತು ಹಾಗೇ ಇತ್ತು. ಅಕ್ಷರಗಳ ಮೇಲೆ ನೀಲಿ ಪೆನ್ಸಿಲಿನ ಮೂರು ಗೀಟು. ನನ್ನವು. ಹೊನ್ನಾಳಿಯಲ್ಲಿ ವಕೀಲರು ಬೆರಳಿಟ್ಟು ಓದಿದ ಸಾಲು ಸರಿಯಾಗಿ ಆ ಗೀಟುಗಳ ಕೆಳಗಿತ್ತು.

"ನಿಮ್ ಪೊಟ್ಣದ ಕಾಗ್ದ ಒಂದೂ ಎಸ್ದಿಲ್ಲ ನಾನು" ಎಂದಳು. "ಎಕ್ಸ್‌ಚೇಂಜಿನಾಗೆ ಟ್ರಂಕ್ ಕಾಲ್ ನಂಬರ್ ಬರ್ಕಳಾಕೆ ಬೇಕಾಗ್ತಿದ್ವು. ಇದನ್ನ ಆವಾಗ್ಲೇ ಓದಿದ್ದೆ. ಮಾತ್ರೆ ತೀರಿದ್ವು, ಬಿಚ್ಚಿ ನೋಡಿದೆ. ಕಿವಿ ಗುಂಯ್ ಅಂತಿತ್ತು. ಮರುದಿನವೇ ನಿಮ್ಮನ್ನ ಕೇಳಿದ್ನಲ್ಲ, ಸೂಜಿ ಒಂದೆರಡು ದಿನ ಬಿಟ್ರೆ ನಡೀತೈತೇನ್ರಿ ಅಂತ."

ನಾನು ಪೆನ್ಸಿಲು ತೆಗೆದುಕೊಂಡು ಅಂಚಿನಲ್ಲಿ ಬರೆದೆ: ಯಾಕೆ ತೋರಿ... ಅಷ್ಟೇ ಬರೆಯಲಾಯಿತು. ಅವಳಿಗೆ ತಿಳಿಯಿತು.

"ಹೆಂಗ್ ತೋರ್ಸಲಿ? ಡಾಕ್ಟ್ರಿಗೆ ಗೊತ್ತಿಲ್ಲ ಅಂದಂಗೆ ಆಗ್ತಿತ್ತಲ್ಲ. ಅಷ್ಟು ದೊಡ್ಡೋರು. ಮತ್ತೆ ಅದ್ರ ಮ್ಯಾಲೆ ನೀವೇ ಗೀಟು ಹಾಕಿದ್ರಿ. ನೋಡೇ ಹಾಕಿರ್ತಾರೆ ಅಂದ್ಕಂಡೆ."

ಅವರೆಕಾಯಿಯ ಸಿಪ್ಪೆಯನ್ನು ಮೊರದ ಒಂದು ಮೂಲೆಗೆ ಒಟ್ಟಿದಳು. "ವಕೀಲ್ರಿಗೆ ಇರ್ಲಿಲ್ಲ ಅಂತ ಹೇಳ್ಬ್ಯಾಡ್ರಿ. ನಾಳೆ ನನ್ನೂ ನಿಲ್ಸಿ, ನೀನು ಓದಿದ್ದೇನಮ್ಮ ಅಂತ ಬರ್ದು ಕೇಳಿದ್ರೆ ನಂಗೆ ಸುಳ್ಳು ಹೇಳಾಕೆ ಬರಲ್ಲ. ನೀವ್ಯಾಕೆ ಸುಮ್ನೆ ನನ್ ಸಲುವಾಗಿ ಸಿಕ್ಕಾಕ್ಕಂತೀರ?"

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ, ಆ ಡಬ್ಬಿಯನ್ನು ನನ್ನ ಮುಖಕ್ಕೆ ಎಸೆದಿದ್ದರೆ, ನಾನು ಇವತ್ತಿಗೂ ಇಷ್ಟು ನರಳುತ್ತಿರಲಿಲ್ಲ ಅನಿಸುತ್ತದೆ. ನಾನು ಬಾಯಿ ತೆರೆದು ಏನೋ ಹೇಳಿದೆ. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಅವಳು ಮುಂದಕ್ಕೆ ಬಾಗಿ ನನ್ನ ತುಟಿಯನ್ನೇ ನೋಡಿದಳು, ತಿಳಿಯಲಿಲ್ಲ, ತಲೆ ಅಲ್ಲಾಡಿಸಿದಳು. ಕಾಗದವನ್ನು ಮತ್ತೆ ನನ್ನ ಕಡೆ ಸರಿಸಿ ಮೋಟು ಪೆನ್ಸಿಲನ್ನು ಕೈಗೆ ಕೊಟ್ಟಳು.

"ಕೇಳ್ಸಲಿಲ್ಲ ಕಾಂಪೌಂಡ್ರೇ. ಬರೀರಿ."

ಮೂರು ಗೀಟಿನ ಪಕ್ಕದಲ್ಲಿ ಇನ್ನೂ ಸ್ವಲ್ಪ ಜಾಗವಿತ್ತು. ಗೌರಮ್ಮ ಹೊಲದಿಂದ ಬರುವ ತನಕ ನಾನು ಪೆನ್ಸಿಲು ಹಿಡಿದುಕೊಂಡು ಹಾಗೇ ಕೂತಿದ್ದೆ.